ಬಸವ ಜಯಂತಿಯ ನೆರಳು

ಕಂಪ್ಯೂಟರ್ ಇರುವ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗಬಾರದು ಎಂಬ ನಿಯಮವನ್ನು ಯಾವ ಪುಣ್ಯಾತ್ಮ ಮಾಡಿದನೋ ಗೊತ್ತಿಲ್ಲ. ಎಂಬತ್ತೊಂಬತ್ತನೇ ಇಸವಿಯ ಬೆಂಗಳೂರಿನ ವಿಜಯನಗರದಲ್ಲಿ ಅದನ್ನು ಮೀರುವ ಧೈರ್ಯವಂತೂ ಯಾರಿಗೂ ಇರಲಿಲ್ಲ. ದೇವಸ್ಥಾನದೊಳಕ್ಕೆ ಕಾಲುಚೀಲ ಹಾಕಿಕೊಂಡೇ ನುಗ್ಗುವ ದೊಡ್ಡ ಮನುಷ್ಯರು ಕೂಡ ಜಗನ್ನಾಥನ ಕಂಪ್ಯೂಟರ್ ಸೆಂಟರಿನ ಬಾಗಿಲಲ್ಲಿ ಬೂಟು, ಕಾಲುಚೀಲ ಎರಡನ್ನೂ ಕಳಚಿಟ್ಟು ಬೆಕ್ಕಿನ ಹಾಗೆ ಒಳಗೆ ಹೋಗುತ್ತಿದ್ದರು.

ನರಸಮ್ಮನಿಗೆ ಚಪ್ಪಲಿಯ ಚಿಂತೆ ಇರಲಿಲ್ಲ, ಕಾಲಿನ ಚಿಂತೆ ಇತ್ತು. ಮಾರೇನಹಳ್ಳಿಯ ನರ್ಸರಿಯಲ್ಲಿ ಮೂವತ್ತು ವರ್ಷ ಕೆಮ್ಮಣ್ಣು, ಗೊಬ್ಬರ ತುಳಿದ ಕಾಲು ಅದು. ಹಿಮ್ಮಡಿಯ ಬಿರುಕಿನಲ್ಲಿ ಕೂತ ಮಣ್ಣು ಯಾವ ಸೋಪಿಗೂ ಜಗ್ಗುವುದಿಲ್ಲ. ಮೆಟ್ಟಿಲ ಕೆಳಗಿನ ನಲ್ಲಿಯಲ್ಲಿ ಒಂದು ಸಲ ತೊಳೆದಳು, ಎರಡು ಸಲ ತೊಳೆದಳು, ಮೂರನೇ ಸಲಕ್ಕೆ ಅಲ್ಲೇ ಕೆಲಸ ಮಾಡುವ ಮಗಳು ಮುನಿಲಕ್ಷ್ಮಿ ಮೇಲಿನಿಂದ ಬಗ್ಗಿ ನೋಡಿದಳು.

"ಅಮ್ಮಾ, ಸಾಕು ಬಾಮ್ಮ. ಸಾರ್ ಕಾಯ್ತಾ ಇದಾರೆ."

"ಇರೇ. ನಿಮ್ಮ ಸಾರ್ ಮಿಷಿನ್‌ಗೆ ನನ್ನ ಕಾಲಿನ ಧೂಳು ತಗುಲಿ ಅದು ಕೆಟ್ಟು ಕೂತ್ರೆ, ನಾಳೆ ಅವರು ನಿನ್ನನ್ನೂ ನನ್ನ ಜೊತೆ ಗುಂಡಿ ತೋಡೋಕೆ ಕಳಿಸ್ತಾರೆ."

ನರಸಮ್ಮ ಈ ಮೆಟ್ಟಿಲು ಹತ್ತಬೇಕಾಗಿ ಬಂದದ್ದು ಜಾಗಕ್ಕಾಗಿ. ನರ್ಸರಿ ಇದ್ದ ನೆಲದ ಮಾಲೀಕರು ಅಲ್ಲಿ ಮದುವೆ ಛತ್ರ ಕಟ್ಟಲು ಹೊರಟಿದ್ದರು; ಜೂನ್ ಮುಗಿಯುವುದರೊಳಗೆ ಖಾಲಿ ಮಾಡಬೇಕು. ಗಂಡ ಹನುಮಯ್ಯ ತೀರಿಕೊಂಡ ಮೇಲೆ ಹತ್ತು ವರ್ಷದಿಂದ ಒಬ್ಬಳೇ ಸಾಕಿದ ಮೂರು ಸಾವಿರ ಗಿಡಗಳನ್ನು ತಲೆಯ ಮೇಲೆ ಹೊತ್ತುಕೊಂಡು ಎಲ್ಲಿಗೆ ಹೋಗುವುದು? ಆ ಹೊತ್ತಿಗೆ ಸರಿಯಾಗಿ ನಾಗರಬಾವಿ ದಾರಿಯ ಹೊಸ ಬಡಾವಣೆಯ ಸಂಘದವರು ಒಂದು ತೀರ್ಮಾನ ಮಾಡಿದರು. ಇಪ್ಪತ್ತೆರಡು ಮನೆಗೂ ಒಂದೇ ಕೈಯಲ್ಲಿ ಕೈತೋಟ ಮಾಡಿಸುವುದು. ಮಾಡಿದವರಿಗೆ ಪಾರ್ಕಿನ ಮೂಲೆಯನ್ನು ನರ್ಸರಿಗೆಂದು ಬಿಟ್ಟುಕೊಡುವುದು. ಬಡಾವಣೆಯ ಗಿಡಗಳನ್ನು ನೋಡಿಕೊಂಡಿರುವಷ್ಟು ಕಾಲ ಆ ಮೂಲೆ ಅವರದೇ. ನೀರಿನ ತೊಟ್ಟಿ, ತಂತಿಬೇಲಿ, ಬೀಗ ಹಾಕುವ ಗೇಟು, ಎಲ್ಲವೂ ಅಲ್ಲಿದ್ದವು. ಆ ಮೂಲೆಯನ್ನು ನೋಡಿಬಂದ ದಿನ ನರಸಮ್ಮ ಒಂದು ಮುದ್ದೆ ಹೆಚ್ಚಿಗೆ ಉಂಡಿದ್ದಳು.

ಸಂಘದ ಕಾರ್ಯದರ್ಶಿ ರೇವಣಸಿದ್ದಯ್ಯನವರು ಮಾತ್ರ ಒಂದು ಷರತ್ತು ಹಾಕಿದ್ದರು. ದಾವಣಗೆರೆ ಕಡೆಯವರು, ಮೂವತ್ನಾಲ್ಕು ವರ್ಷ ಆಡಿಟ್ ಇಲಾಖೆಯಲ್ಲಿದ್ದು ನಿವೃತ್ತರಾದವರು. ಕಾಗದದಲ್ಲಿ ಇಲ್ಲದ್ದು ಲೋಕದಲ್ಲೂ ಇಲ್ಲ ಎಂಬುದು ಅವರ ನಂಬಿಕೆ. "ಕಂಪ್ಯೂಟರ್ ಪ್ಲಾನ್ ಮಾಡಿಸಿಕೊಂಡು ಬಾರಮ್ಮ. ಮೊದಲು ನಮ್ಮ ಮನೇದು. ಅದು ಸರಿ ಬಂದ್ರೆ ಉಳಿದ ಇಪ್ಪತ್ತೊಂದೂ ನಿನಗೇ, ಮೂಲೆ ಜಾಗಾನೂ ನಿನಗೇ," ಎಂದಿದ್ದರು.

ನರಸಮ್ಮನಿಗೆ ಪ್ಲಾನು ಬರೆದು ಗೊತ್ತಿಲ್ಲ. ಅವಳು ತೋಟ ಹಾಕುವುದು ನೆಲದ ಮೇಲೆ. ಹಗ್ಗ ಹಿಡಿದು, ಬೂದಿ ಚೆಲ್ಲಿ ಗೆರೆ ಎಳೆದು, ಕುಂಡಗಳನ್ನು ಅಲ್ಲಲ್ಲಿಟ್ಟು ನಾಲ್ಕು ದಿನ ಬಿಸಿಲು ನೋಡಿದ ಮೇಲೇ ಗುಂಡಿ ತೋಡುತ್ತಿದ್ದಳು. ಇದನ್ನೆಲ್ಲ ಕಂಪ್ಯೂಟರಿಗೆ ಯಾವ ಬಾಯಲ್ಲಿ ಹೇಳುವುದು ಎಂದು ಅವಳು ತಲೆ ಕೆಡಿಸಿಕೊಂಡಿದ್ದಾಗ, "ನಮ್ಮ ಸೆಂಟರ್‌ನಲ್ಲೇ ಮಾಡೋಣ, ಸಾರ್ ಒಪ್ಪಿದಾರೆ," ಎಂದು ಮಗಳೇ ದಾರಿ ತೋರಿಸಿದ್ದಳು.

ಕೋಣೆಯೊಳಗೆ ಏಸಿ ಗುಂಯ್ ಎನ್ನುತ್ತಿತ್ತು. ಜಗನ್ನಾಥ ಎದ್ದು ನಿಂತು ಕುರ್ಚಿ ತೋರಿಸಿದ. ವಯಸ್ಸು ಮೂವತ್ತಿರಬೇಕು, ಮಾತು ಅರವತ್ತರದು.

"ಬನ್ನಿ ಆಂಟಿ, ಕೂತ್ಕೊಳ್ಳಿ. ನೋಡಿ, ನನ್ನ ಹತ್ರ ಎರಡು ಸಾಫ್ಟ್‌ವೇರ್ ಇದೆ. ಮಿಷಿನ್‌ನಲ್ಲಿ ಜಾಗ ಕಮ್ಮಿ, ಎರಡನ್ನೂ ಬಹಳ ದಿನ ಇಟ್ಕೊಳ್ಳೋಕಾಗಲ್ಲ. ನೀವು ಯಾವುದು ಬೇಕು ಅಂತೀರೋ ಅದನ್ನ ಇಟ್ಕೊಂಡು ಇನ್ನೊಂದನ್ನ ತೆಗೆದುಬಿಡ್ತೀನಿ."

ನರಸಮ್ಮ ಮಗಳ ಕಡೆ ನೋಡಿದಳು. "ಮಿಷಿನ್‌ಗೆ ತಾನಾಗಿ ಏನೂ ಬರಲ್ಲಮ್ಮ. ಸಾಫ್ಟ್‌ವೇರ್ ಅಂದ್ರೆ ಅದಕ್ಕೆ ಕಲಿಸೋ ವಿದ್ಯೆ," ಎಂದಳು ಮುನಿಲಕ್ಷ್ಮಿ. ಅಂದರೆ ಇಷ್ಟು ಪೂಜೆ ಮಾಡಿಸಿಕೊಂಡು ಕೂತಿರುವ ಮಿಷಿನ್ನಿಗೆ ಏನೂ ಬರುವುದಿಲ್ಲವೇ ಎಂದು ನರಸಮ್ಮನಿಗೆ ಒಳಗೊಳಗೇ ನಗು ಬಂತು.

ಮೊದಲನೆಯದು ತೋಟಕ್ಕೆಂದೇ ಮಾಡಿದ ಸಾಫ್ಟ್‌ವೇರ್. ಜಗನ್ನಾಥನ ಭಾವ ಪರದೇಶದಿಂದ ನಾಲ್ಕು ಫ್ಲಾಪಿಗಳಲ್ಲಿ ತಂದುಕೊಟ್ಟದ್ದು. ತೆರೆಯ ಮೇಲೆ ಹಸಿರು ಹುಲ್ಲು, ಕೆಂಪು ಹೂವು, ನೀಲಿ ಕೊಳ ಎಲ್ಲ ಬಂದವು. ಎರಡನೆಯದನ್ನು ಹಾಕಿದರೆ ಕಪ್ಪು ತೆರೆಯ ಮೇಲೆ ಬರೀ ಬಿಳಿ ಗೆರೆ. ರಾಜಾಜಿನಗರದ ಕಾರ್ಖಾನೆಯವರು ನಟ್ಟು ಬೋಲ್ಟಿನ ಚಿತ್ರ ಬರೆಸಲು ಬಂದಾಗ ಬಳಸುವಂಥದ್ದು. ಅದಕ್ಕೆ ಗೆರೆ ಗೊತ್ತು, ವೃತ್ತ ಗೊತ್ತು, ಅಳತೆ ಗೊತ್ತು, ಅಷ್ಟೇ.

"ಇದ್ರಲ್ಲಿ ಗಿಡಾನೇ ಇಲ್ವಲ್ಲಪ್ಪ," ಎಂದಳು ನರಸಮ್ಮ.

"ಅದಕ್ಕೇ ಹೇಳಿದ್ದು ಆಂಟಿ, ಮೊದಲನೇದೇ ಇರಲಿ. ಎಂಟುನೂರು ಜಾತಿ ಗಿಡ ಇದೆ ಅದ್ರಲ್ಲಿ."

ಎಂಟುನೂರರಲ್ಲಿ ಮಲ್ಲಿಗೆ ಇತ್ತು, ಗುಲಾಬಿ ಇತ್ತು, ಫರ್ನ್ ಇತ್ತು. ಪಾರಿಜಾತ ಇರಲಿಲ್ಲ, ಕನಕಾಂಬರ ಇರಲಿಲ್ಲ, ದೊಡ್ಡಪತ್ರೆ ಇರಲಿಲ್ಲ. ತುಳಸಿ ಕಟ್ಟೆಯೂ ಇರಲಿಲ್ಲ. ಹಕ್ಕಿಗಳು ಸ್ನಾನ ಮಾಡುವ ಕಲ್ಲಿನ ಬೋಗುಣಿ ಎಂದು ಏನೋ ಒಂದಿತ್ತು. ಮುನಿಲಕ್ಷ್ಮಿ ಅದನ್ನೇ ತುಳಸಿ ಕಟ್ಟೆ ಎಂದು ತಂದು ನಡುವೆ ಇಟ್ಟಳು. ಆಮೇಲೆ ಮಿಷಿನ್ನು ಒಂದು ಪ್ರಶ್ನೆ ಕೇಳಿ ನಿಂತುಬಿಟ್ಟಿತು.

"ಅಮ್ಮಾ, ನಮ್ಮೂರಲ್ಲಿ ಹಿಮ ಬಿದ್ದು ಗಿಡ ಸಾಯೋದು ಯಾವ ತಾರೀಖಿಗೆ ನಿಲ್ಲುತ್ತೆ ಅಂತ ಕೇಳ್ತಾ ಇದೆ."

"ನಮ್ಮೂರಲ್ಲಿ ಗಿಡ ಸಾಯೋದು ನಲ್ಲೀಲಿ ನೀರು ನಿಂತಾಗ ಅಂತ ಹೇಳು ಅದಕ್ಕೆ."

ಜಗನ್ನಾಥ ನಗುತ್ತ ತನ್ನ ಹುಟ್ಟಿದ ತಾರೀಖನ್ನೇ ಒತ್ತಿದ. ಮಿಷಿನ್ನಿಗೆ ಸಮಾಧಾನವಾಯಿತು. ಮುಂದೆ ಊರು ಯಾವುದು ಎಂದಿತು. ಪಟ್ಟಿಯಲ್ಲಿ ಬೆಂಗಳೂರು ಇರಲಿಲ್ಲ. ಬಿಸಿಲಿನ ಊರು ಎಂದು ಅವನಿಗೆ ತೋಚಿದ ಯಾವುದೋ ಒಂದು ಪರದೇಶದ ಊರನ್ನು ಆರಿಸಿದ. ರೇವಣಸಿದ್ದಯ್ಯನವರ ಮನೆಯ ಅಳತೆ ಹಾಕಿದ ಮೇಲೆ ತೆರೆಯಲ್ಲಿ ಮನೆ ಎದ್ದು ನಿಂತಿತು, ಅದರ ಉತ್ತರ ಮಗ್ಗುಲಿಗೆ ಬೂದುಬಣ್ಣದ ಅಗಲವಾದ ಪಟ್ಟಿಯೊಂದು ಬಿತ್ತು.

"ಅದು ನೆರಳು. ವರ್ಷಪೂರ್ತಿ ನೆರಳಿರೋ ಜಾಗ, ಫರ್ನ್ ಗಿಡ ಇಲ್ಲೇ ಹಾಕಿ ಅಂತ ಅದೇ ಹೇಳುತ್ತೆ ನೋಡಿ," ಎಂದ ಜಗನ್ನಾಥ.

ನರಸಮ್ಮನ ಬಾಯಿ ತೆರೆಯಿತು. ವರ್ಷಪೂರ್ತಿಯೇ? ಬೇಸಿಗೆಯಲ್ಲಿ ಉತ್ತರದ ಗೋಡೆಗೆ ಬಿಸಿಲು ಬಡಿಯುವುದು ಈ ಊರಿನ ಯಾವ ಮಾಲಿಗೆ ಗೊತ್ತಿಲ್ಲ? ಆದರೆ ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ತಣ್ಣನೆಯ ಕೋಣೆ, ಹೊಳೆಯುವ ನೆಲ, ಮೂರು ಸಲ ತೊಳೆದರೂ ಹೋಗದ ಹಿಮ್ಮಡಿಯ ಮಣ್ಣು. ಮಗಳು ತನ್ನ ಸಾರ್ ಮುಂದೆ ಎಷ್ಟು ಹೆಮ್ಮೆಯಿಂದ ಕೂತಿದ್ದಾಳೆ, ನಡುವೆ ನಾನೊಬ್ಬಳು ಏನಾದರೂ ಅಂದು ನಗೆಪಾಟಲಾಗುವುದು ಬೇಡ ಎಂದುಕೊಂಡಳು. ಪ್ಲಾನಿನಲ್ಲಿ ಏನಾದರೂ ಇರಲಿ, ನೆಡುವಾಗ ಹೇಗೂ ನೆಡುವುದು ನನ್ನ ಕೈ ತಾನೇ ಎಂದು ಸಮಾಧಾನ ಮಾಡಿಕೊಂಡಳು.

ಮಾರನೇ ದಿನವೇ ರೇವಣಸಿದ್ದಯ್ಯನವರು ಬೂಟು ಕಳಚಿ ಬಂದು ತೆರೆಯ ಮುಂದೆ ಕೂತರು. ಬಣ್ಣದ ತೋಟ ನೋಡಿ ಮಗುವಿನ ಹಾಗೆ ಖುಷಿಪಟ್ಟರು. ಅಚ್ಚು ಹಾಕಿದ ಕಾಗದ ಬರೀ ಕಪ್ಪು ಚುಕ್ಕಿಗಳಲ್ಲಿ ಬಂದದ್ದರಿಂದ ಮುನಿಲಕ್ಷ್ಮಿ ಸ್ಕೆಚ್ ಪೆನ್ನಿನಿಂದ ಹಸಿರು, ಕೆಂಪು ತುಂಬಿಕೊಟ್ಟಳು. ಅದನ್ನು ಅವರು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, "ಮುಂದಿನ ಭಾನುವಾರ ಕಮಿಟಿ ಸೇರುತ್ತೆ. ಎಲ್ಲರೂ ಒಪ್ಪೇ ಒಪ್ತಾರೆ. ನರಸಮ್ಮ, ಒಂದು ಮಾತು ನೆನಪಿರಲಿ. ಪ್ಲಾನಿನಲ್ಲಿ ಎಲ್ಲಿದೆಯೋ ಗಿಡ ಅಲ್ಲೇ ಇರಬೇಕು. ನಾನು ಟೇಪ್ ಹಿಡಿದು ಚೆಕ್ ಮಾಡೋನು. ಒಂದು ಗೇಣು ಅತ್ತಿತ್ತ ಆದ್ರೂ ನಾನು ಒಪ್ಪಲ್ಲ," ಎಂದರು.

ನೆಡುವಾಗ ಸರಿಮಾಡಿಕೊಳ್ಳುವ ದಾರಿಯೂ ಮುಚ್ಚಿತು. ನರಸಮ್ಮ ತಲೆ ಮಾತ್ರ ಆಡಿಸಿದಳು.

ಎರಡು ದಿನಕ್ಕೆ ಬಸವ ಜಯಂತಿ ಬಂತು. ಮುನಿಲಕ್ಷ್ಮಿಗೆ ರಜೆ. ಪ್ರತಿ ವರ್ಷ ಆ ದಿನ ಮಾರೇನಹಳ್ಳಿಯ ನರ್ಸರಿಯಲ್ಲಿ ಒಂದು ಕೆಲಸ ಇದ್ದೇ ಇರುತ್ತಿತ್ತು: ಶೆಡ್ಡಿನ ಉತ್ತರ ಮಗ್ಗುಲಲ್ಲಿರುವ ಫರ್ನ್ ಕುಂಡಗಳನ್ನೆಲ್ಲ ದಕ್ಷಿಣ ಮಗ್ಗುಲಿಗೆ ಸಾಗಿಸುವುದು. ಗೌರಿ ಹಬ್ಬಕ್ಕೆ ಮತ್ತೆ ಉತ್ತರಕ್ಕೆ. ಬಸವ ಜಯಂತಿಯಿಂದ ಶ್ರಾವಣದವರೆಗೆ ಸೂರ್ಯ ಬೆಂಗಳೂರಿನ ನೆತ್ತಿ ದಾಟಿ ಉತ್ತರಕ್ಕೆ ವಾಲಿಕೊಂಡಿರುತ್ತಾನೆ. ನೆರಳು ದಕ್ಷಿಣಕ್ಕೆ ಬೀಳುತ್ತದೆ. ಇದನ್ನು ಹನುಮಯ್ಯ ಯಾವ ಪುಸ್ತಕದಲ್ಲೂ ಓದಿದವನಲ್ಲ. ಮದುವೆಯಾದ ಹೊಸದರಲ್ಲಿ ನೂರು ಫರ್ನ್ ಸುಟ್ಟು ಕರಕಲಾದ ಮೇಲೆ ಒಂದು ವರ್ಷ ಪೂರ್ತಿ ಹಬ್ಬಹಬ್ಬಕ್ಕೂ ನಡುಮಧ್ಯಾಹ್ನ ಶೆಡ್ಡಿನ ನೆರಳು ಮುಟ್ಟಿದ ಜಾಗದಲ್ಲಿ ಒಂದೊಂದು ಕಲ್ಲು ಹೂತಿದ್ದ. ಸಂಕ್ರಾಂತಿ, ಯುಗಾದಿ, ಗೌರಿ ಹಬ್ಬದ ಮೂರು ಕಲ್ಲುಗಳು ಉತ್ತರಕ್ಕೆ. ಬಸವ ಜಯಂತಿ ಮತ್ತು ಆಷಾಢದ ಎರಡು ಕಲ್ಲುಗಳು ದಕ್ಷಿಣಕ್ಕೆ. ಹಬ್ಬದ ದಿನ ಆ ಕಲ್ಲಿಗೆ ನರಸಮ್ಮ ಒಂದು ಚಿಟಿಕೆ ಅರಿಶಿನ ಕುಂಕುಮ ಹಚ್ಚುತ್ತಿದ್ದಳು.

ಅವತ್ತೂ ಹಚ್ಚಿದಳು. ಮುನಿಲಕ್ಷ್ಮಿ ಎರಡು ಕೈಯಲ್ಲಿ ಎರಡು ಕುಂಡ ಎತ್ತಿಕೊಂಡು ಉತ್ತರದಿಂದ ದಕ್ಷಿಣಕ್ಕೆ ನಡೆದವಳು ನಡುದಾರಿಯಲ್ಲೇ ನಿಂತುಬಿಟ್ಟಳು. ಚಿಕ್ಕಂದಿನಿಂದ ವರ್ಷಾವರ್ಷ ಮಾಡಿದ ಕೆಲಸ, ಯಾಕೆಂದು ಕೇಳಿದವಳಲ್ಲ. ಕುಂಡ ಕೆಳಗಿಟ್ಟಳು.

"ಅಮ್ಮಾ. ಪ್ಲಾನಲ್ಲಿ ಫರ್ನ್ ಉತ್ತರಕ್ಕಿದೆ."

"ಹೂಂ."

"ನಿನಗೆ ಅವತ್ತೇ ಗೊತ್ತಿತ್ತಾ?"

"ಗೊತ್ತಿತ್ತು ಕಣೇ."

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ? ಅಮ್ಮ, ಅಷ್ಟು ದುಬಾರಿ ಗಿಡ ಎಲ್ಲ ಒಣಗಿಹೋಗುತ್ತೆ. ಇಪ್ಪತ್ತೆರಡು ಮನೇಲೂ ಒಣಗುತ್ತೆ. ಆಮೇಲೆ ಅವರು ಕಂಪ್ಯೂಟರ್‌ನ ಬೈತಾರಾ? ನಿನ್ನನ್ನ ಬೈತಾರೆ!"

ನರಸಮ್ಮ ಕಲ್ಲಿನ ಪಕ್ಕದಲ್ಲೇ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಬೇರೆ ಯಾರಾದರೂ ಹೀಗೆ ಕೇಳಿದ್ದರೆ ನಾಲ್ಕು ಮಾತು ಬಿಗಿದು ಕಳಿಸುತ್ತಿದ್ದಳು. ಮಗಳ ಮುಂದೆ ಆಗಲಿಲ್ಲ.

"ನಾಚಿಕೆ ಆಯ್ತು ಕಣೇ ಮುನಿ. ನೀನು ಅಲ್ಲಿ ಟಕಟಕ ಅಂತ ಒತ್ತುತಾ ಇದ್ದೆ. ನಿಮ್ಮ ಸಾರ್ ಇಂಗ್ಲಿಷ್ ಬೆರೆಸಿ ಮಾತಾಡ್ತಾ ಇದ್ರು. ನಾನು ಅಕ್ಷರ ಬರದೋಳು, ಬರೀ ಸಹಿ ಮಾಡೋಕೆ ಕಲಿತೋಳು. ಎಂಟುನೂರು ಗಿಡ ಗೊತ್ತಿರೋ ಮಿಷಿನ್‌ಗೆ ನೀನು ತಪ್ಪು ಅಂತ ಹೇಳೋಕೆ ನಾನ್ಯಾರು ಅನ್ನಿಸ್ತು."

ಮುನಿಲಕ್ಷ್ಮಿ ತಾನೂ ನೆಲದ ಮೇಲೆ ಕೂತಳು.

"ತಪ್ಪು ಅಂತ ಒಪ್ಪಿಕೊಂಡ್ರೆ ಜಾಗ ಕೈತಪ್ಪಬಹುದು. ಸೆಕ್ರೆಟರಿ ಅಯ್ಯನೋರಿಗೆ ಆ ಪ್ಲಾನ್ ಮೇಲೆ ಜೀವ."

"ಗೊತ್ತು. ಎರಡು ರಾತ್ರಿಯಿಂದ ಅದೇ ಯೋಚನೆ. ಬಾಯಿ ಮುಚ್ಚಿಕೊಂಡಿದ್ರೆ ಜಾಗ ಸಿಗುತ್ತೆ. ಸಿಕ್ಕ ಜಾಗದಲ್ಲಿ ಕೂತು, ನಾನೇ ನೆಟ್ಟ ಗಿಡ ನನ್ನ ಕಣ್ಣ ಮುಂದೆ ಸುಡೋದನ್ನ ನೋಡಬೇಕಲ್ಲ, ಅದು ಆಗಲ್ಲ ನನ್ನ ಕೈಲಿ." ನರಸಮ್ಮ ಎದ್ದು ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಆ ಇನ್ನೊಂದು ಇತ್ತಲ್ಲ, ಬರೀ ಗೆರೆ ಎಳೆಯೋದು. ಅದನ್ನ ತೆಗೆದುಹಾಕಿಬಿಟ್ರಾ?"

"ಇಲ್ಲ, ಇನ್ನೂ ಇದೆ. ಅದಕ್ಕೆ ಗಿಡದ ಬಗ್ಗೆ ಏನೂ ಗೊತ್ತಿಲ್ಲಮ್ಮ."

"ಒಳ್ಳೇದಾಯ್ತು. ಗೊತ್ತಿಲ್ಲದೋರಿಗೆ ಹೇಳಿಕೊಡಬಹುದು. ಅರ್ಧ ಗೊತ್ತಿರೋರಿಗೆ ಹೇಳೋದೇ ಕಷ್ಟ."

ಮಾರನೇ ದಿನ ನರಸಮ್ಮ ಕಾಲನ್ನು ಒಂದೇ ಸಲ ತೊಳೆದಳು. ಜಗನ್ನಾಥ ಮೊದಲು ನಂಬಲಿಲ್ಲ. "ಆಂಟಿ, ಅದು ಪರದೇಶದ ಸಾಫ್ಟ್‌ವೇರ್..." ಎಂದು ಶುರು ಮಾಡಿದ. ಕೈ ಹಿಡಿದು ಎಳೆಯುವುದೊಂದೇ ಬಾಕಿ, ನರಸಮ್ಮ ಅವನನ್ನು ಬೀದಿಗೆ ಕರೆದುಕೊಂಡು ಹೋಗಿ ಅವನದೇ ಕಟ್ಟಡದ ಪಕ್ಕ ನಿಲ್ಲಿಸಿದಳು. ಹನ್ನೆರಡು ದಾಟಿತ್ತು. ಕಟ್ಟಡದ ದಕ್ಷಿಣ ಮಗ್ಗುಲಲ್ಲಿ ಒಂದು ಕಿರು ನೆರಳು, ಉತ್ತರದ ಗೋಡೆಗೆ ರಣಬಿಸಿಲು. ಹುಟ್ಟಿದಾಗಿನಿಂದ ಇದೇ ಊರಲ್ಲಿದ್ದವನು ಮೊದಲನೇ ಸಲ ನೋಡುವವನಂತೆ ನೋಡಿದ. "ಅರೆ, ಹೌದಲ್ವಾ!" ಎಂದ. ಒಳಗೆ ಬಂದು ಪರದೇಶದ ತೋಟವನ್ನು ತಾನೇ ಅಳಿಸಿ, ಕಪ್ಪು ತೆರೆಯನ್ನು ತೆಗೆದುಕೊಟ್ಟ. ಸೋತದ್ದನ್ನು ಇಷ್ಟು ಬೇಗ ಒಪ್ಪಿಕೊಂಡ ಗಂಡಸನ್ನು ನರಸಮ್ಮ ಅದುವರೆಗೆ ನೋಡಿರಲಿಲ್ಲ.

ಆಮೇಲಿನ ನಾಲ್ಕು ದಿನ ತಾಯಿ ಹೇಳಿದಳು, ಮಗಳು ಒತ್ತಿದಳು. ಪಾರಿಜಾತ ಎಂದರೆ ಎಷ್ಟು ಅಗಲದ ವೃತ್ತ? "ಮೂರು ವರ್ಷಕ್ಕೆ ಎಂಟಡಿ. ಅದರ ಕೆಳಗೆ ಏನೂ ಬೇಡ, ಬೆಳಿಗ್ಗೆ ಹೂವು ಉದುರಬೇಕು, ಆ ಮನೆ ಅಮ್ಮ ಬಗ್ಗಿ ಆರಿಸಿಕೋಬೇಕು." ಮಲ್ಲಿಗೆ ಬಳ್ಳಿ? "ಅಡುಗೆಮನೆ ಕಿಟಕಿ ಪಕ್ಕ." ರಂಗೋಲಿಗೆ ಗೇಟಿನ ಮುಂದೆ ನಾಲ್ಕಡಿ ಜಾಗ, ನೀರಿನ ಸಂಪಿನ ಮುಚ್ಚಳ ತೆಗೆಯಲು ಸುತ್ತ ಎರಡಡಿ, ಬಟ್ಟೆ ಒಣಹಾಕುವ ತಂತಿಯ ಕೆಳಗೆ ಗುಲಾಬಿ ಬೇಡ. ತುಳಸಿ ಕಟ್ಟೆಗೆ ನಾಲ್ಕು ಗೆರೆ ಎಳೆದರೆ ಅದು ತುಳಸಿ ಕಟ್ಟೆಯೇ ಆಯಿತು, ಹಕ್ಕಿಯ ಸ್ನಾನದ ಬೋಗುಣಿ ಆಗಲಿಲ್ಲ.

ನೆರಳಿಗೆ ಮಾತ್ರ ಏನು ಮಾಡುವುದೆಂದು ಮುನಿಲಕ್ಷ್ಮಿಗೆ ಒಂದು ದಿನ ಪೂರ್ತಿ ಹೊಳೆಯಲಿಲ್ಲ. ಆಮೇಲೆ ಟೇಪು ತೆಗೆದುಕೊಂಡು ನರ್ಸರಿಗೆ ಓಡಿಬಂದಳು. ಶೆಡ್ಡಿನ ಎತ್ತರ ಹತ್ತಡಿ. ಸಂಕ್ರಾಂತಿಯ ಕಲ್ಲು ಉತ್ತರಕ್ಕೆ ಆರೂವರೆ ಅಡಿ ದೂರ. ಹಾಗಾದರೆ ಇಪ್ಪತ್ನಾಲ್ಕಡಿ ಎತ್ತರದ ಮನೆಗೆ ಎಷ್ಟು? ಒಂದೊಂದೇ ಕಲ್ಲಿನ ದೂರ ಅಳೆದು, ಗುಣಿಸಿ, ಹಬ್ಬಕ್ಕೊಂದರಂತೆ ಐದು ಹಾಳೆ ಮಾಡಿದಳು. ಸಂಕ್ರಾಂತಿಯ ಹಾಳೆ, ಯುಗಾದಿಯ ಹಾಳೆ, ಬಸವ ಜಯಂತಿಯ ಹಾಳೆ. ತೋಟ ಅದೇ, ನೆರಳಿನ ಗೆರೆ ಮಾತ್ರ ಬೇರೆ. ಕಮಿಟಿ ಸೇರುವ ಭಾನುವಾರಕ್ಕೆಂದು ಹಿಂದಿನ ಮಧ್ಯಾಹ್ನವೇ ಒಂದು ಬಿದಿರು ಗಳ ನೆಟ್ಟು, ಅದರ ನೆರಳು ಅಳೆದು, ಆರನೇ ಹಾಳೆಯನ್ನೂ ಬರೆದಳು. ಫರ್ನ್‌ಗಳನ್ನು ಕುಂಡದಲ್ಲೇ ಇಟ್ಟು, ಅವು ವರ್ಷಕ್ಕೆರಡು ಸಲ ಮಗ್ಗುಲು ಬದಲಾಯಿಸುವುದನ್ನೂ ಬಾಣದ ಗುರುತು ಹಾಕಿ ತೋರಿಸಿದಳು.

"ನಿಮ್ಮಪ್ಪನ ಕಲ್ಲು ಮಿಷಿನ್ನೊಳಗೆ ಹೋಯ್ತಾ?" ಎಂದು ನರಸಮ್ಮ ತೆರೆಯನ್ನೇ ನೋಡುತ್ತ ಕೇಳಿದಳು. ಛತ್ರ ಕಟ್ಟುವವರು ಬಂದರೆ ಆ ಕಲ್ಲುಗಳೂ ಬುನಾದಿಯ ಕೆಳಗೆ ಹೋಗುತ್ತವಲ್ಲ ಎಂಬ ಸಂಕಟ ಅವಳಿಗೆ ಒಳಗೇ ಇತ್ತು, ಯಾರಿಗೂ ಹೇಳಿರಲಿಲ್ಲ.

"ಹೋಯ್ತಮ್ಮ. ಐದೂ ಹೋಯ್ತು."

ನರಸಮ್ಮನಿಗೆ ಅಳು ಬಂತು. ಏಸಿಯ ತಂಡಿಗೆ ಕಣ್ಣಲ್ಲಿ ನೀರು ಬರ್ತಿದೆ ಎಂದು ಸುಳ್ಳು ಹೇಳಿದಳು.

ಭಾನುವಾರ ಹನ್ನೊಂದೂವರೆಗೆ ರೇವಣಸಿದ್ದಯ್ಯನವರ ಮನೆಯ ಹಾಲಿನಲ್ಲಿ ಕಮಿಟಿಯ ಐದು ಜನ ಸೇರಿದ್ದರು. ಅವರ ಹೆಂಡತಿ ನೀಲಗಂಗಮ್ಮ ತಟ್ಟೆತುಂಬ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟರು. ಬಣ್ಣದ ಪ್ಲಾನನ್ನು ಗೋಡೆಗೆ ಅಂಟಿಸಿಯಾಗಿತ್ತು. ಎಲ್ಲರೂ ಚೆನ್ನಾಗಿದೆ, ಚೆನ್ನಾಗಿದೆ ಎನ್ನುತ್ತಿದ್ದರು. ನರಸಮ್ಮ ಬಾಗಿಲ ಹತ್ತಿರ ನಿಂತವಳು ಒಳಗೆ ಬಂದಳು.

"ಸಾರ್, ಆ ಪ್ಲಾನ್ ತಪ್ಪು."

ಬಜ್ಜಿ ಎತ್ತಿದ್ದ ಕೈಗಳು ಅಲ್ಲೇ ನಿಂತವು. ರೇವಣಸಿದ್ದಯ್ಯನವರ ಮುಖ ಕೆಂಪಾಯಿತು.

"ಏನಮ್ಮ ಹಂಗಂದ್ರೆ? ಕಂಪ್ಯೂಟರ್ ತಪ್ಪು ಮಾಡುತ್ತಾ?"

"ಅದು ಬೇರೆ ಯಾವುದೋ ಊರಿನ ಬಿಸಿಲು ಹೇಳ್ತು ಸಾರ್. ಅದು ತಪ್ಪು ಅಂತ ಅವತ್ತೇ ನನಗೆ ಗೊತ್ತಿತ್ತು, ಬಾಯಿ ಮುಚ್ಚಿಕೊಂಡು ಕೂತೆ. ಆ ಪ್ಲಾನ್ ಪ್ರಕಾರ ನೆಟ್ರೆ ನಿಮ್ಮ ಫರ್ನ್ ಒಂದೂ ಉಳಿಯಲ್ಲ. ಈ ಹಾಳೆ ಒಂದ್ಸಲ ನೋಡಿ. ಆಮೇಲೆ ನನಗೆ ಕೆಲಸ ಕೊಡ್ತೀರೋ ಬಿಡ್ತೀರೋ ನಿಮಗೆ ಬಿಟ್ಟಿದ್ದು."

ಕಮಿಟಿಯವರೊಬ್ಬರು, "ಒಂದು ಸಲ ಹಿಂಗೆ, ಒಂದು ಸಲ ಹಂಗೆ ಅಂದ್ರೆ ಹೇಗಮ್ಮ ನಿನ್ನ ನಂಬೋದು? ಬೇರೆ ಯಾರನ್ನಾದ್ರೂ ಕರೆಸೋಣ," ಎಂದರು. ಮುನಿಲಕ್ಷ್ಮಿ ಕೈಯಲ್ಲಿದ್ದ ಹಾಳೆಗಳನ್ನು ಮುಂದೆ ಚಾಚಿದಳು. ಆಗ ನೀಲಗಂಗಮ್ಮ ಅಡುಗೆಮನೆಯ ಬಾಗಿಲಿಂದಲೇ ಮಾತಾಡಿದರು.

"ಯಾಕ್ರಿ, ಆಕಿ ಹೇಳೋದು ಖರೇನ ಇರಬೇಕು. ಹೋದ ತಿಂಗಳಿನಿಂದ ನಾನು ಹಪ್ಪಳ ಒಣಗಿಸೋದು ಉತ್ತರದ ಕಡೇನ. ದಕ್ಷಿಣದಾಗ ಒಣಗೋದಿಲ್ಲ."

ಮೂವತ್ನಾಲ್ಕು ವರ್ಷ ಆಡಿಟ್ ಮಾಡಿದ ಮನುಷ್ಯ ಹೆಂಡತಿಯ ಹಪ್ಪಳದ ಮೇಲೆ ತೀರ್ಮಾನ ಕೊಡುವುದುಂಟೇ? ಡ್ರಾಯರಿನಿಂದ ಟೇಪು ತೆಗೆದರು. ಮುನಿಲಕ್ಷ್ಮಿಯ ಕೈಯಿಂದ ಹಾಳೆ ತೆಗೆದುಕೊಂಡು ಓದಿದರು. "ಈ ಭಾನುವಾರ, ಹನ್ನೆರಡು ಇಪ್ಪತ್ತಕ್ಕೆ, ದಕ್ಷಿಣ ಮಗ್ಗುಲಲ್ಲಿ ಎರಡಡಿ ನಾಲ್ಕಂಗುಲ ನೆರಳು ಅಂತ ಬರೆದಿದೆ. ಬರ್ರಿ, ನೋಡೇಬಿಡೋಣ."

ಕಮಿಟಿ ಅಷ್ಟೂ ಅಂಗಳಕ್ಕೆ ಬಂತು. ಹತ್ತು ನಿಮಿಷ ಬಿಸಿಲಲ್ಲಿ ನಿಂತರು. ಉತ್ತರದ ಗೋಡೆಗೆ ಕೈಯಿಟ್ಟ ಒಬ್ಬರು ಸುಟ್ಟುಕೊಂಡವರ ಹಾಗೆ ಕೈ ಎಳೆದುಕೊಂಡರು. ಹನ್ನೆರಡು ಇಪ್ಪತ್ತಕ್ಕೆ ರೇವಣಸಿದ್ದಯ್ಯನವರು ದಕ್ಷಿಣದ ಗೋಡೆಯ ಬುಡದಲ್ಲಿ ಪಂಚೆ ಎತ್ತಿಕಟ್ಟಿ ಕುಕ್ಕರಗಾಲಲ್ಲಿ ಕೂತು ಟೇಪು ಎಳೆದರು. ಕನ್ನಡಕ ಏರಿಸಿ ಎರಡು ಸಲ ನೋಡಿದರು.

"ಎರಡಡಿ ಐದಂಗುಲ," ಎಂದರು. "ಒಂದಂಗುಲ ವ್ಯತ್ಯಾಸ."

ನರಸಮ್ಮ ಒಂದಂಗುಲಕ್ಕೆ ಜಾಗ ಹೋಯಿತೇ ಎಂದು ಕಣ್ಣು ಮುಚ್ಚಿದಳು. ರೇವಣಸಿದ್ದಯ್ಯನವರು ಮೊಣಕಾಲು ಹಿಡಿದುಕೊಂಡು ಎದ್ದರು.

"ಈ ಬಣ್ಣದ ಪ್ಲಾನಿನ ಕೆಳಗೆ ಯಾವುದೋ ಕಂಪನಿ ಹೆಸರಿದೆ. ನಾಳೆ ಗಿಡ ಸತ್ರೆ ಕೇಳೋಕೆ ಅವರೆಲ್ಲಿ ಸಿಗ್ತಾರೆ? ಈ ಹಾಳೆ ಕೆಳಗೆ ಯಾರ ಹೆಸರಿದೆ?" ಎನ್ನುತ್ತ ಹಾಳೆಯ ಬಲಮೂಲೆಯ ಚೌಕಕ್ಕೆ ಕಣ್ಣು ಹತ್ತಿರ ತಂದರು. ಗೆರೆಯ ಸಾಫ್ಟ್‌ವೇರ್ ಆ ಚೌಕವನ್ನು ಖಾಲಿ ಬಿಟ್ಟಿತ್ತು. ಬೇಕಾದವರು ಬೇಕಾದ್ದು ತುಂಬಬಹುದಿತ್ತು. ಇಂಗ್ಲಿಷಿನಲ್ಲಿ ಟೈಪಾಗಿದ್ದುದನ್ನು ಅವರು ಎಲ್ಲರಿಗೂ ಕೇಳುವಂತೆ ಓದಿದರು: "ತೋಟದ ವಿನ್ಯಾಸ, ಹನುಮಯ್ಯನವರ ಹೆಂಡತಿ ನರಸಮ್ಮ, ಮಾರೇನಹಳ್ಳಿ."

ನರಸಮ್ಮ ಮಗಳ ಕಡೆ ತಿರುಗಿದಳು. ಮುನಿಲಕ್ಷ್ಮಿ ಆಕಾಶ ನೋಡುತ್ತಿದ್ದಳು.

"ಇದಕ್ಕೆ ಜವಾಬ್ದಾರಿ ನಿನ್ನದೇ ಏನಮ್ಮ?" ಎಂದರು ರೇವಣಸಿದ್ದಯ್ಯನವರು.

"ನಂದೇ ಸಾರ್. ಒಂದಂಗುಲಕ್ಕೂ ನಂದೇ."

"ಹಂಗಾದ್ರೆ ಸಹಿ ಹಾಕು."

ಜೇಬಿನ ಪೆನ್ನು ತೆಗೆದು ಕೊಟ್ಟರು. ನರಸಮ್ಮ ಹಾಳೆಯನ್ನು ಗೋಡೆಗಿಟ್ಟು, ನಾಲಿಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರ ಕೂರಿಸಿ ಬರೆದಳು. ಐದಂಗುಲ ಉದ್ದದ ಸಹಿ ಆಯಿತು. ಅವರು ಅದರ ಪಕ್ಕದಲ್ಲಿ ತಾರೀಖು ಹಾಕಿ, "ಆಷಾಢದಾಗೂ ಅಳೀತೀನಿ, ಸಂಕ್ರಾಂತಿಗೂ ಅಳೀತೀನಿ, ಬಿಡಂಗಿಲ್ಲ," ಎಂದು ಗದರಿಸಿ, ಒಳಗೆ ಹೋಗಿ ಪಾರ್ಕಿನ ಮೂಲೆಯ ಗೇಟಿನ ಬೀಗದ ಕೈ ತಂದು ಅವಳ ಅಂಗೈಯಲ್ಲಿಟ್ಟರು. ನೀಲಗಂಗಮ್ಮ ತಾಯಿ ಮಗಳಿಬ್ಬರನ್ನೂ ಒಳಗೆ ಕರೆದು ಬಿಸಿ ಬಜ್ಜಿ ಬಡಿಸಿದರು. ನರಸಮ್ಮ ಆ ಹಾಲಿನ ಹೊಳೆಯುವ ಮೊಸಾಯಿಕ್ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ತಿಂದಳು. ಕಾಲನ್ನು ಸೀರೆಯ ಕೆಳಗೆ ಮುಚ್ಚಿಕೊಳ್ಳಲಿಲ್ಲ.

ಮಾರನೇ ದಿನ ಬೆಳಿಗ್ಗೆ ಮಾರೇನಹಳ್ಳಿಯಿಂದ ಮೊದಲನೇ ಗಾಡಿ ಹೊರಡುವುದಿತ್ತು. ಗಾಡಿಯವನು ಗಿಡ ತುಂಬಲು ಕಾದು ನಿಂತಿದ್ದ. ನರಸಮ್ಮ ಹಾರೆ ತೆಗೆದುಕೊಂಡು ಶೆಡ್ಡಿನ ಎರಡೂ ಮಗ್ಗುಲು ಅಗೆದು, ಐದು ಕಲ್ಲುಗಳನ್ನು ಎಬ್ಬಿಸಿ, ತೊಳೆದು, ಗೋಣಿಚೀಲದ ಮೇಲೆ ಸಾಲಾಗಿ ಇಟ್ಟಳು.

"ಇಷ್ಟೇನಾ ಅಮ್ಮ ಲೋಡು?" ಎಂದ ಗಾಡಿಯವನು.

"ಇಷ್ಟೇ. ಗಿಡ ಆಮೇಲೆ," ಎಂದಳು ನರಸಮ್ಮ.

ಮುನಿಲಕ್ಷ್ಮಿ ಹಾಳೆಗಳ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತಳು. ಹೊಸ ಜಾಗದಲ್ಲಿ ಕಟ್ಟುವ ಶೆಡ್ಡು ಎಷ್ಟು ಎತ್ತರ ಎಂದು ಕೇಳಿದಳು. ಹನ್ನೆರಡಡಿ ಎಂದಳು ತಾಯಿ. ಹಾಗಾದರೆ ಸಂಕ್ರಾಂತಿಯ ಕಲ್ಲು ಏಳಡಿ ಹತ್ತಂಗುಲಕ್ಕೆ ಹೂಳಬೇಕು ಎಂದು ಮಗಳು ಲೆಕ್ಕ ಹಾಕಿ ಹೇಳಿದಳು, ಅಪ್ಪನ ಕಲ್ಲಿನ ಮೇಲೆ ಕೈಯಿಟ್ಟುಕೊಂಡೇ.